ಲೆಸ್ಟರ್‌ನಲ್ಲಿ ಆರು ತಿಂಗಳು ಸನಿಕೆ ಹಿಡಿದೆ

ಮುಳಬಾಗಿಲು ಕಡೆಯ ಟೊಮೇಟೊ ಬೆಳೆಗಾರ ಇಂಗ್ಲೆಂಡಿನ ಲೆಸ್ಟರ್ ನಗರದ ಮಗಳ ಮನೆಗೆ ಹೋಗಿ, ಅಲ್ಲಿ ಹತ್ತು ಹನ್ನೆರಡು ಮನೆಗೆ ಬೇಕಾದವನಾಗಿ ಬಂದ ಅಂದರೆ ನಮ್ಮೂರಲ್ಲಿ ಈಗಲೂ ನಂಬುವುದಿಲ್ಲ. "ಮಾವ, ಅಲ್ಲಿ ಯಾರೂ ಮಾತಾಡ್ಸಲ್ಲ, ಟಿವಿ ನೋಡ್ಕೊಂಡಿರಿ" ಅಂತ ಅಳಿಯಂದಿರೇ ಹೇಳಿದ್ದರು.

ಮೊದಲ ತಿಂಗಳು ಏನೂ ಗಿಟ್ಟಲಿಲ್ಲ. ಬೆಲ್‌ಗ್ರೇವ್ ರಸ್ತೆಯ ಕಡೆ ದೇವಸ್ಥಾನಕ್ಕೆ ಹೋದರೆ ಎಲ್ಲ ಗುಜರಾತಿ ಮಾತು. ನನ್ನ ಕನ್ನಡ, ತೆಲುಗು ಎರಡೂ ಅಲ್ಲಿ ನಡೆಯಲಿಲ್ಲ. ಕನ್ನಡದವರ ಹಬ್ಬಕ್ಕೆ ಬೇರೆ ಊರಿಗೆ ಹೋಗಿದ್ದೆ. ರೈಲಿಗೇ 40 ಪೌಂಡ್ ಹತ್ತಿರ ಹೋಯಿತು. ಊಟ ಚೆನ್ನಾಗಿತ್ತು, ಆಮೇಲೆ ಅವರವರ ಮನೆ ಅವರವರಿಗೆ. ದಾನಕ್ಕೆ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಸೇವೆ ಮಾಡೋಣವೆಂದರೆ ವಿಸಿಟರ್ ವೀಸಾದವರಿಗೆ ಒಟ್ಟು 30 ದಿನದ ಮಿತಿ. ಕೂಲಿಯಂತೂ ಮುಟ್ಟುವ ಹಾಗಿಲ್ಲ.

ಕೊನೆಗೆ ಕೈ ಹಿಡಿದಿದ್ದು ಅಲಾಟ್‌ಮೆಂಟ್. ಊರಿನವರಿಗೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಮೀನು. ಪೂರ್ತಿ ತುಂಡೆಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆಗೆ ಸ್ವಲ್ಪ ಕಡಿಮೆ. ನಮ್ಮಂಥವರ ಹೆಸರಿಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಮಗಳ ಬೀದಿಯಲ್ಲೇ ಒಬ್ಬ ಗುಜರಾತಿ ಕಾಕಾ ಇದ್ದರು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನು ಓಡಿಸಿದಾಗ ಅಲ್ಲಿಂದ ಬಂದವರು. ಅವರಿಗೊಂದು ಅಲಾಟ್‌ಮೆಂಟ್ ಇತ್ತು. ಮಂಡಿ ನೋವು, ಅರ್ಧ ಜಮೀನು ಕಳೆ. ಹರಕು ಹಿಂದಿಯಲ್ಲಿ "ಸನಿಕೆ ಕೊಡಿ" ಅಂದೆ. ಜಾಗ ಕೇಳಬೇಡಿ, ಕೆಲಸ ಕೇಳಿ.

ಬೀಜದ ರೇಟು ನೋಡಿ ತಲೆ ತಿರುಗಿತು. ಹೈಬ್ರಿಡ್ ಟೊಮೇಟೊ ಪ್ಯಾಕೆಟ್‌ನಲ್ಲಿ ಎಂಟೋ ಹತ್ತೋ ಬೀಜ, ಮೂರೂವರೆ ಪೌಂಡ್! ಆ ದುಡ್ಡಿಗೆ ನಮ್ಮ ನರ್ಸರಿಯಲ್ಲಿ ಟ್ರೇಗಟ್ಟಲೆ ಸಸಿ ಬರುತ್ತದೆ. ಇಲ್ಲಿಂದ ಬೀಜ ಒಯ್ಯಲು ಫೈಟೊಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ) ಬೇಕು, ಹಾಗಾಗಿ ಆ ಆಸೆ ಬಿಡಿ. ಕೊತ್ತಂಬರಿ, ಮೆಂತ್ಯ ಮಾತ್ರ ಅಡುಗೆಗೆಂದು ಇಂಡಿಯನ್ ಅಂಗಡಿಯಲ್ಲಿ ಮಾರುವುದನ್ನೇ ಚೆಲ್ಲಿದೆ, ಸೊಗಸಾಗಿ ಬಂತು. ಟೊಮೇಟೊ ಸಸಿ ಪಕ್ಕದ ಇಂಗ್ಲಿಷ್ ಅಜ್ಜಿಯ ಹತ್ತಿರ ಮಿಕ್ಕಿತ್ತು. ಮೇ ಮಧ್ಯದವರೆಗೂ ರಾತ್ರಿ ಹಿಮ ಬಿದ್ದು ಸಸಿ ಸುಟ್ಟುಹೋಗಬಹುದು, ನೆಡಲು ಅವಸರ ಬೇಡ.

ಅವರೆಯದೇ ಬೇರೆ ಕಥೆ. ಅಲ್ಲೇ ಸಿಕ್ಕ ಬೀಜ ಊರಿದೆ. ಬಳ್ಳಿ ಶೆಡ್ ಮೇಲೆ ಹತ್ತಿತು, ಹೂವಿಲ್ಲ. ಜೂನ್‌ನಲ್ಲಿ ಅಲ್ಲಿ ಹೆಚ್ಚು ಕಡಿಮೆ 17 ಗಂಟೆ ಬೆಳಕು. ಹಗಲು ಗಿಡ್ಡವಾಗದೆ ಅವರೆ ಹೂ ಕಚ್ಚುತ್ತದಾ? ಸೆಪ್ಟೆಂಬರ್‌ನಲ್ಲಿ ನಾಲ್ಕು ಹೂ ತೋರಿಸಿತು, ಅಷ್ಟರಲ್ಲಿ ಚಳಿ. ಹಿತಕಿದ ಬೇಳೆ ಸಾರಿನ ಆಸೆ ಅಲ್ಲಿಗೇ ಮುಗಿಯಿತು.

ನನ್ನನ್ನು ಗೆಲ್ಲಿಸಿದ್ದು ಟೊಮೇಟೊನೇ. ಆಗಸ್ಟ್ ಮಳೆಗೆ ಗಿಡ ಕಪ್ಪಾಗಿಸುವ ಅಂಗಮಾರಿ ರೋಗ ಬಂತು. ನಮ್ಮಲ್ಲಾದರೆ ಔಷಧಿ ಹೊಡೆಯುವ ಕ್ಯಾನ್ ಹೆಗಲಿಗೇರಿಸುತ್ತೇವೆ. ಅಲ್ಲಿ ಮನೆ ತೋಟದವರಿಗೆ ಅದಕ್ಕೆ ಹೊಡೆಯುವ ಔಷಧಿಯೇ ಸಿಗುವುದಿಲ್ಲ. ಕೋಲು ನೆಟ್ಟು, ದಾರ ಎಳೆದು, ಕೆಳಗಿನ ಎಲೆ ಎಲ್ಲ ಕಿತ್ತು ಗಾಳಿಯಾಡುವ ಹಾಗೆ ಮಾಡಿದ್ದೆ. ಎಲೆ ಮೇಲೆ ನೀರು ನಿಲ್ಲದಿರಲು ಇನ್ನೊಂದು ಉಪಾಯವೂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸಲ ನನ್ನ ತೋಟದಲ್ಲೇ ನೋಡಬೇಕಿದೆ. ಸುತ್ತಲ ಗಿಡಗಳು ಕಪ್ಪಾದವು, ನಮ್ಮದು ಮುಕ್ಕಾಲು ಪಾಲು ಉಳಿಯಿತು. ಮರುದಿನದಿಂದ "ನಮ್ಮ ಗಿಡಾನೂ ನೋಡಿ" ಅಂತ ಕರೆ. ಹೋದ ಕಡೆಯೆಲ್ಲ ಟೀ, ಬಿಸ್ಕತ್ತು. ಆ ಅಜ್ಜಿಗೆ ದಂಟಿನ ಸೊಪ್ಪಿನ ಬಸ್ಸಾರು ಕೊಟ್ಟೆ, ಎರಡನೇ ಸಲ ಡಬ್ಬಿ ತಂದು ಕೇಳಿದರು. ಮುದ್ದೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ, ಪಾಪ. ಅಳಿಯಂದಿರು ಏಳು ವರ್ಷದಿಂದ ಅಲ್ಲಿದ್ದಾರೆ. ಅಕ್ಕಪಕ್ಕದವರ ಹೆಸರು ಅವರಿಗೆ ಹೇಳಿಕೊಟ್ಟಿದ್ದು ನಾನು.

ಖರ್ಚು ದಾರ, ಬೀಜ, ಗೊಬ್ಬರ, ಬೂಟು ಎಲ್ಲ ಸೇರಿ 60 ಪೌಂಡ್ ಆಸುಪಾಸು. ಆಗಿನ ಲೆಕ್ಕದಲ್ಲಿ ಆರೂವರೆ ಸಾವಿರ ರೂಪಾಯಿ ಅಂದುಕೊಳ್ಳಿ. ಹೋಗುವವರು ಏಪ್ರಿಲ್‌ಗೆ ತಲುಪುವ ಹಾಗೆ ಟಿಕೆಟ್ ಮಾಡಿ. ತೋಟದ ಮಣ್ಣು ಮೆತ್ತಿದ ಚಪ್ಪಲಿ ಒಯ್ಯಬೇಡಿ, ಮಣ್ಣು ಒಳಗೆ ಬಿಡುವುದಿಲ್ಲ. ಗಮ್ ಬೂಟು ಅಲ್ಲೇ ಚಾರಿಟಿ ಅಂಗಡಿಯಲ್ಲಿ ಐದಾರು ಪೌಂಡಿಗೆ ಸಿಗುತ್ತದೆ.