ಮೂರು ಮಳೆಗಾಲ ಕಂಡ ಮಣ್ಣಿನ ಗೋಡೆ

ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯವನ್ನೂ ಸಭಾಂಗಣವನ್ನೂ ಒಂದೇ ಸೂರಿನಡಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲೇ ಕಟ್ಟುತ್ತೇನೆಂದು ಹೇಳಿದ್ದೆ. 'ಮಣ್ಣಿನ ಗೋಡೆ ಬುಟ್ಟು ಬರಕ್ಕೆ ನಮ್ಗೆ ನಲ್ವತ್ತು ವರ್ಷ ಹಿಡೀತು, ತಿರ್ಗಾ ಅಲ್ಲಿಗೇ ಕರ್ಕೊಂಡೋಯ್ತೀರಲ್ಲ ಸಾಮಿ' ಎಂದರು ಊರ ಹಿರಿಯರೊಬ್ಬರು. ಬಿಲ್ಲಿಗೆ ಸಹಿ ಹಾಕಬೇಕಾದ ಎಂಜಿನಿಯರರಿಗೂ ಅದೇ ಅನುಮಾನವಿತ್ತು. ಈಗ ಮೂರು ಮಳೆಗಾಲ ಕಳೆದಿವೆ. ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.

ಮೊದಲು ಒತ್ತಿದ ಸುಮಾರು ಎಂಟುನೂರು ಇಟ್ಟಿಗೆಗಳು ಮಾತ್ರ ಪೂರ್ತಿ ಹಾಳಾದವು. ಪಾಯ ತೋಡಿದ ಮಣ್ಣನ್ನೇ ಬಳಸುವ ಆಸೆ ನನ್ನದು. ಆದರೆ ಗದ್ದೆಯಂಚಿನ ಆ ಮಣ್ಣಿನಲ್ಲಿ ಜೇಡಿ ವಿಪರೀತವಿದ್ದುದರಿಂದ ಒಣಗುತ್ತಿದ್ದಂತೆ ಮೂಲೆಗಳು ಸಿಡಿದವು, ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಇಟ್ಟಿಗೆ ಬೆಳಗಾಗುವಷ್ಟರಲ್ಲಿ ಅಂಬಲಿಯಾಗಿತ್ತು. ಇಪ್ಪತ್ತು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಆಮೇಲೆ ದಿಬ್ಬದ ಕೆಂಪುಮಣ್ಣು ತರಿಸಿ, ಮೇಲ್ಮಣ್ಣು ಬಿಟ್ಟು, ಎರಡು ಪಾಲು ಮಣ್ಣಿಗೆ ಹೆಚ್ಚುಕಡಿಮೆ ಒಂದು ಪಾಲು ಕ್ರಷರ್ ಪುಡಿ ಸೇರಿಸಿ, ಸಿಮೆಂಟನ್ನು ಶೇ. 7-8ಕ್ಕೆ ನಿಲ್ಲಿಸಿದೆ. ಬಳಸಿದ್ದು, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ತಂಡದವರು ರೂಢಿಗೆ ತಂದಂಥ ಕೈಯೊತ್ತು ಯಂತ್ರವನ್ನೇ. ಗೋಣಿತಾಟು ಹೊದಿಸಿ ಮೂರು ವಾರ ನೀರುಣಿಸಿದೆವು. ಅಂಚು ಉದುರದಂತೆ ಬೆರಕೆಯ ನೀರಿಗೆ ನಾನು ಸೇರಿಸುವ ಇನ್ನೊಂದು ವಸ್ತುವಿದೆ; ಇನ್ನೊಂದು ಕಟ್ಟಡದಲ್ಲಿ ಅದನ್ನು ಪರೀಕ್ಷಿಸುವವರೆಗೆ ಅದರ ಹೆಸರು ಹೇಳಲಾರೆ.

ಛಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಎರಡನೇ ದರ್ಜೆಯ ಮಂಗಳೂರು ಹೆಂಚುಗಳನ್ನು ಜೋಡಿಜೋಡಿಯಾಗಿ ಕೂರಿಸಿದ್ದರಿಂದ ಕಾಂಕ್ರೀಟ್ ಐದನೇ ಒಂದು ಪಾಲಿನಷ್ಟು ಉಳಿಯಿತು. ಮೊದಲ ಅಂಕಣದಲ್ಲಿ ಹೆಂಚುಗಳನ್ನು ನೆನೆಸದೆ ಇಟ್ಟ ತಪ್ಪಿಗೆ ಅವು ಕಾಂಕ್ರೀಟಿನ ನೀರನ್ನೇ ಹೀರಿ, ಸೆಂಟ್ರಿಂಗ್ ಬಿಚ್ಚಿದಾಗ ಅಡಿಭಾಗ ಜೇನುಗೂಡಿನಂತೆ ಕಂಡಿತು. ಅಷ್ಟನ್ನೂ ಒಡೆಸಿ ಮತ್ತೆ ಹಾಕಿಸಿದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 37 ಡಿಗ್ರಿ ಇದ್ದಾಗ ಒಳಗೆ 31 ದಾಟಿದ್ದನ್ನು ನಾನು ಕಂಡಿಲ್ಲ.

ನಡುವೆ ಆಲೆಮನೆಯ ಬೂದಿಯ ಪ್ರಯೋಗವನ್ನೂ ಮಾಡಿದೆ. ಕನ್ನಂಬಾಡಿ ಕಟ್ಟೆ ನಿಂತಿರುವುದೇ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದ ಸುರ್ಕಿ ಗಾರೆಯಲ್ಲಿ, ಹಾಗಿರುವಾಗ ನಮ್ಮೂರಿನ ಕಬ್ಬಿನ ಸಿಪ್ಪೆಯ ಬೂದಿ ಸುಣ್ಣದೊಡನೆ ಏಕೆ ಗಟ್ಟಿಯಾಗಬಾರದು ಎಂಬುದು ನನ್ನ ತರ್ಕ. ಅರೆಬೆಂದ ಕರಿಯೇ ಹೆಚ್ಚಾಗಿದ್ದುದರಿಂದ ಗೋಡೆಯ ಗಾರೆಗೆ ಅದು ಒದಗಲಿಲ್ಲ. ಜರಡಿಯಾಡಿ ನೆಲದ ಕೆಳಪದರಕ್ಕೆ ಬಳಸಿದ್ದು ಚೆನ್ನಾಗಿದೆ.

ಅತಿ ಹೆಚ್ಚು ವಾದ ನಡೆದದ್ದು ಜಗಲಿಯ ಬಗ್ಗೆ. ಆರಡಿ ಅಗಲದ ಜಗಲಿ ದಂಡದ ಖರ್ಚೆಂದು ಅಂದಾಜುಪಟ್ಟಿಯಿಂದ ಎರಡು ಸಲ ಹೊಡೆದುಹಾಕಿದರು. ಇಟ್ಟಿಗೆಯಲ್ಲಿ ಉಳಿದ ಹಣವನ್ನು ತೋರಿಸಿ ನಾನು ಅದನ್ನು ಉಳಿಸಿಕೊಂಡೆ. 1,300 ಚದರಡಿಗೆ 27 ಲಕ್ಷದ ಅಂದಾಜಿತ್ತು, ಮುಗಿದಾಗ 23ರ ಆಸುಪಾಸಿನಲ್ಲಿ ನಿಂತಿತು. ಗ್ರಂಥಾಲಯದ ಬಾಗಿಲು ತೆರೆಯುವುದು ಹತ್ತಕ್ಕೆ, ಆದರೆ ಆರೂವರೆಗೇ ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ಖಾಲಿ ಕ್ಯಾನು ಪಕ್ಕಕ್ಕಿಟ್ಟು ಆ ಜಗಲಿಯ ಮೇಲೆ ಕುಳಿತಿರುತ್ತಾರೆ.

ಒಂದು ಕೆಲಸ ಬಾಕಿಯಿದೆ. ಪಡುವಣ ಮೂಲೆಯಲ್ಲಿ ಸೂರಿನ ನೀರು ನೆಲಕ್ಕೆ ಬಡಿದು, ಸೈಜುಗಲ್ಲಿನ ಪಾಯವನ್ನೂ ದಾಟಿ ಇಟ್ಟಿಗೆಯ ಮೊದಲ ವರಸೆಗೆ ಸಿಡಿಯುತ್ತದೆ. ಹಿಂಗಾರು ಮಳೆ ಹಿಡಿಯುವ ಮೊದಲು ಅಲ್ಲಿ ಎರಡಡಿ ಅಗಲಕ್ಕೆ ದಪ್ಪ ಜಲ್ಲಿ ಹಾಸಬೇಕು.