ರೆಸಾರ್ಟ್ ಮೆಂಬರ್‌ಶಿಪ್ ಬೇಡವಾದರೆ ಬಿಡಿಸಿಕೊಳ್ಳೋದು ಹೇಗೆ

ಮೈಸೂರಿನ ನಮ್ಮ ಚಿಕ್ಕಮ್ಮ ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿ ಹಾಕಿದ್ದರು. ಮರುವಾರವೇ ಹೋಟೆಲ್‌ಗೆ ಬನ್ನಿ ಅಂತ ರೆಸಾರ್ಟ್ ಕಂಪನಿಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಅಂದರು, ಮೂರು ಗಂಟೆ ಕೂರಿಸಿಕೊಂಡು 25 ವರ್ಷದ ಮೆಂಬರ್‌ಶಿಪ್‌ಗೆ ಸಹಿ ಹಾಕಿಸಿಕೊಂಡೇ ಕಳಿಸಿದರು. ಮೊದಲೇ ಲಕ್ಷಗಟ್ಟಲೆ ಕಟ್ಟಿದರೆ ಪ್ರತಿವರ್ಷ ಅವರ ರೆಸಾರ್ಟ್‌ಗಳಲ್ಲಿ ಕೆಲವು ದಿನ ಇರಬಹುದು ಅನ್ನೋ ಯೋಜನೆ ಅದು. ಆಗ ವರ್ಷದ ಮೇಂಟೆನೆನ್ಸ್ 12,000 ರೂಪಾಯಿ. ಎಂಟು ವರ್ಷದಲ್ಲಿ 25,000 ದಾಟಿತು, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ದಸರಾ ರಜೆಗೆ ಕೇಳಿದರೆ ರೂಮ್ ಇಲ್ಲ. ಬಿಲ್ ಮಾತ್ರ ತಪ್ಪದೆ ಬರುತ್ತಿತ್ತು.

ನಿಮ್ಮದೂ ಇದೇ ಕಥೆಯಾಗಿದ್ದರೆ ಮೊದಲು ಒಪ್ಪಂದದ ಪತ್ರ ಹುಡುಕಿ ತೆಗೆಯಿರಿ. ಪೂರ್ತಿ ಓದಿ, ಪೆನ್ಸಿಲ್‌ನಲ್ಲಿ ಮೂರು ಜಾಗ ಗುರುತು ಮಾಡಿ: ರದ್ದತಿ, ವರ್ಗಾವಣೆ, ಶುಲ್ಕ ಏರಿಕೆ. ಚಿಕ್ಕಮ್ಮನ ಪತ್ರದಲ್ಲಿ ಹನ್ನೊಂದನೇ ಪುಟದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಶುಲ್ಕವನ್ನು 'ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು' ಅಂತಿತ್ತು. ಎಷ್ಟರವರೆಗೆ ಅನ್ನೋದು ಎಲ್ಲೂ ಇರಲಿಲ್ಲ. ಸಹಿ ಹಾಕಿ ಇನ್ನೂ ಕೆಲವೇ ದಿನ ಆಗಿದ್ದರೆ ಇವತ್ತೇ ಇಮೇಲ್ ಕಳಿಸಿ, ಏಕೆಂದರೆ ಎಷ್ಟೋ ಒಪ್ಪಂದಗಳಲ್ಲಿ ಮೊದಲ 10 ದಿನದೊಳಗೆ ರದ್ದು ಮಾಡಿದರೆ ಹಣ ವಾಪಸ್ ಅಂತ ಇರುತ್ತೆ.

ಆಮೇಲೆ ಒಂದು ಲೆಕ್ಕ ಹಾಕಿ. ಕಟ್ಟಿದ ಲಕ್ಷಗಳನ್ನು ನೆನೆದು ಸಂಕಟಪಡೋದು ಸಹಜ. ಆದರೆ ನೋಡಬೇಕಾದ್ದು ಉಳಿದ ವರ್ಷಗಳ ಮೇಂಟೆನೆನ್ಸ್ ಒಟ್ಟು ಎಷ್ಟಾಗುತ್ತೆ ಅನ್ನೋದನ್ನು. ಕಟ್ಟಿದ್ದರಲ್ಲಿ ಪ್ರವೇಶ ಶುಲ್ಕ ಅನ್ನುವ ಭಾಗ ಸಾಮಾನ್ಯವಾಗಿ ವಾಪಸ್ ಬರಲ್ಲ, ಉಳಿದದ್ದರಲ್ಲಿ ಬಳಸದ ವರ್ಷಗಳ ಪಾಲು ಕೇಳಬಹುದು. ಸ್ವಲ್ಪವೇ ಬಂದರೂ ಹೊರಗೆ ಬರೋದೇ ಲಾಭ ಅಂತ ನನಗನ್ನಿಸುತ್ತೆ.

ರದ್ದು ಮಾಡಿ ಅಂತ ಫೋನಿನಲ್ಲಿ ಹೇಳಿದರೆ ಹೇಳಿದ ಹಾಗಲ್ಲ. ಬರೆದು ಕೊಡಿ. ಸದಸ್ಯತ್ವ ಸಂಖ್ಯೆ, ಕಟ್ಟಿದ ಮೊತ್ತ, ಯಾವ ಯಾವ ದಿನ ರೂಮ್ ಕೇಳಿ ಸಿಗಲಿಲ್ಲ, ಯಾವ ದಿನಾಂಕದಿಂದ ರದ್ದು, ಎಷ್ಟು ಹಣ ವಾಪಸ್ ಬೇಕು, ಇಷ್ಟಿದ್ದರೆ ಸಾಕು. ಇಮೇಲ್ ಮಾಡಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅವರು ಫೋನ್ ಮಾಡಿ 'ಒಂದು ವರ್ಷ ಫ್ರೀ ಕೊಡ್ತೀವಿ, ಅಪ್‌ಗ್ರೇಡ್ ಮಾಡಿ ಮೇಡಂ' ಅಂದರೆ ಒಪ್ಪಬೇಡಿ, ಅದು ಹೊಸ ಒಪ್ಪಂದ.

ಬ್ಯಾಂಕ್‌ನಿಂದ ತಾನಾಗೇ ಹಣ ಹೋಗುತ್ತಿದ್ದರೆ ಸುಮ್ನೆ ಖಾತೆ ಖಾಲಿ ಬಿಡಬೇಡಿ. ಆಟೋ ಡೆಬಿಟ್ ಬೌನ್ಸ್ ಆದರೆ ಚೆಕ್ ಬೌನ್ಸ್ ಆದಂತೆಯೇ ಕೇಸ್ ಹಾಕಲು ಅವಕಾಶವಿದೆ. ಕಂಪನಿಗೆ ತಿಳಿಸಿ, ಬ್ಯಾಂಕ್‌ಗೆ ಬರೆದುಕೊಟ್ಟು ಮ್ಯಾಂಡೇಟ್, ಅಂದರೆ ಹಣ ತಾನಾಗೇ ಕಡಿತವಾಗಲು ನೀವು ಕೊಟ್ಟ ಒಪ್ಪಿಗೆ, ರದ್ದು ಮಾಡಿಸಿ. ಮೆಂಬರ್‌ಶಿಪ್‌ಗೆ ಅಂತ ತೆಗೆದ ಸಾಲದ ಇಎಂಐ ಬಾಕಿ ಇದ್ದರೆ ಅದನ್ನು ಮಾತ್ರ ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಕೆಡುತ್ತೆ.

ಇನ್ನೊಂದು ಕಾಟ ಇದೆ, ಇದನ್ನು ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ. 'ನಿಮ್ಮ ಮೆಂಬರ್‌ಶಿಪ್‌ಗೆ ಗಿರಾಕಿ ಸಿಕ್ಕಿದ್ದಾರೆ, ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ), ಜಿಎಸ್‌ಟಿಗೆ ಅಂತ ಮೊದಲು 40,000 ಹಾಕಿ' ಅಂತ ಯಾರೋ ಫೋನ್ ಮಾಡ್ತಾರೆ. ಮುಂಗಡ ಕೇಳಿದರೆ ಮೋಸ ಅಂತಲೇ ತಿಳಿಯಿರಿ. ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಂಪನಿಯಿಂದ ಉತ್ತರವೇ ಬರದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಒಪ್ಪಂದದಲ್ಲಿ ಮುಂಬೈ ಕೋರ್ಟ್ ಅಂತಲೋ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಅಂತಲೋ ಬರೆದಿದೆ ಅಂತ ಹೆದರಬೇಡಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ತೊಂದರೆಯಾದ 2 ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ.

ಚಿಕ್ಕಮ್ಮನ ವಿಷಯ ಕೋರ್ಟ್‌ಗೆ ಹೋಗಲಿಲ್ಲ, 1915ಕ್ಕೆ ದೂರು ಕೊಟ್ಟ ಮೇಲೆ ಕಂಪನಿಯವರೇ ಮಾತಿಗೆ ಬಂದರು. ಹಣ ಕೈಗೆ ಬಂದರೂ ಚಿಕ್ಕಮ್ಮ ಅಷ್ಟಕ್ಕೇ ಬಿಡಲಿಲ್ಲ. 'ಸದಸ್ಯತ್ವ ರದ್ದಾಗಿದೆ, ಯಾವ ಬಾಕಿಯೂ ಇಲ್ಲ' ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು, ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ನನ್ನ ಕೈಗೆ ಕೊಟ್ಟರು.