ಮಾವನ ಲೆಕ್ಕದ ಪುಸ್ತಕದಲ್ಲಿದ್ದ ಹನ್ನೆರಡು ಪದ

ಸೋದರಮಾವ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಅಡಿಕೆ ಲೆಕ್ಕದ ಪುಸ್ತಕ ಇತ್ತು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ನಮ್ಮದು ದಾವಣಗೆರೆ ವಿದ್ಯಾನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಮಾವ ಇರುವುದು ಚನ್ನಗಿರಿ ಕಡೆ, ತೋಟದಲ್ಲಿ. ಕಾರಣವಿಲ್ಲದೆ ಊರಿನಿಂದ ಇಷ್ಟು ದೂರ ಬರುವವರಲ್ಲ.

"ಇದನ್ನ ಸ್ವಲ್ಪ ನೋಡಪ್ಪ" ಎಂದು ಒಂದು ಹಾಳೆ ತೆರೆದರು. ಮೇಲೆ ಅಡಿಕೆ ಕೊನೆ ಕೊಯ್ಯುವವರ ಕೂಲಿ ಲೆಕ್ಕ. ಕೆಳಗೆ ಹನ್ನೆರಡು ಇಂಗ್ಲಿಷ್ ಪದ, ಎಲ್ಲವೂ ಕನ್ನಡ ಅಕ್ಷರದಲ್ಲಿ. ಒಂಬತ್ತನೆಯದು ಕಾಣುತ್ತಲೇ ಇರಲಿಲ್ಲ. ಅಡಿಕೆ ಬೇಯಿಸುವಾಗ ಚೊಗರು ಚೆಲ್ಲಿ, ಆ ಜಾಗ ಕಡುಗಂದು ಬಣ್ಣಕ್ಕೆ ತಿರುಗಿತ್ತು. ಚೊಗರಿನ ಕಲೆ ಬಟ್ಟೆಯಿಂದಲೇ ಹೋಗುವುದಿಲ್ಲ, ಇನ್ನು ಕಾಗದದಿಂದ ಹೋಗುತ್ತದಾ?

ಆಗಿದ್ದು ಇಷ್ಟು. 2017ರಲ್ಲಿ ಅವರ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಪ್ಪನಿಂದ ಮೂವತ್ತು ಸಾವಿರ ರೂಪಾಯಿ ತೆಗೆದುಕೊಂಡು ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಕೊಂಡಿದ್ದ. ಅದನ್ನು ಮೊಬೈಲ್‌ನ ವ್ಯಾಲೆಟ್ ಆ್ಯಪ್‌ಗೆ ಹಾಕಿ, ಅದು ಕೊಟ್ಟ ಹನ್ನೆರಡು ಪದಗಳನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದ್ದ. ಮಾವ ಕಿವಿಗೆ ಬಿದ್ದಂತೆ ಬರೆದುಕೊಂಡರು. ಆಮೇಲೆ ಆ ಮೊಬೈಲ್ ಕಳೆದುಹೋಯಿತು. ಆ ಹನ್ನೆರಡು ಪದ ಸರಿಯಾಗಿದ್ದರೆ ವ್ಯಾಲೆಟ್ಟನ್ನು ಬೇರೆ ಕಡೆ ಮತ್ತೆ ತೆರೆಯಬಹುದು, ಆದರೆ ಉಳಿದಿದ್ದು ಈ ಹಾಳೆ ಮಾತ್ರ.

ಕೆಲಸ ಶುರುಮಾಡುವ ಮುಂಚೆ ನಾನು ಅವರ ಮಗನಿಗೆ ಫೋನ್ ಮಾಡಿದೆ. ದುಡ್ಡು ಮಾವನದು, ಆದರೆ ವ್ಯಾಲೆಟ್ ಅವನದು. ಇಬ್ಬರೂ ಒಪ್ಪಬೇಕು. ಮಾವನಿಗೆ ಇದು ವಿಚಿತ್ರ ಅನ್ನಿಸಿತು. "ನನ್ನ ಮಗನ್ನ ಕೇಳೋದೇನಿದೆ" ಎಂದರು. ಆದರೂ ಕೇಳಿದೆ. ಅವನು ಒಪ್ಪಿದ್ದಷ್ಟೇ ಅಲ್ಲ, ಹಳೇ ಇಮೇಲ್ ಹುಡುಕಿ ಆ ವ್ಯಾಲೆಟ್‌ನ ಅಡ್ರೆಸ್ ಕೂಡ ಕಳಿಸಿದ. ಅಡ್ರೆಸ್ ಅಂದರೆ ದುಡ್ಡು ಬಂದು ಸೇರುವ ಖಾತೆ ನಂಬರ್ ಇದ್ದಂತೆ. ಒಂದು ಎಂಬ ಅಂಕಿಯಿಂದ ಶುರುವಾಗುವ ಹಳೇ ಮಾದರಿಯ ಅಡ್ರೆಸ್. ಅದು ಸಿಗದೇ ಹೋಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಹನ್ನೆರಡು ಪದಗಳು ಎಲ್ಲಿಂದಲೋ ಬಂದವಲ್ಲ. ಬಿಪ್-39 ಎಂಬ ಪದ್ಧತಿಯಲ್ಲಿ 2048 ಪದಗಳ ಒಂದು ಪಟ್ಟಿ ಇದೆ. ವ್ಯಾಲೆಟ್ ಅದರಿಂದಲೇ ಪದಗಳನ್ನು ಆರಿಸುತ್ತದೆ. ಜಪಾನಿ, ಕೊರಿಯನ್, ಫ್ರೆಂಚ್ ಭಾಷೆಯ ಪಟ್ಟಿಗಳೂ ಇವೆ, ಕನ್ನಡದ್ದು ಇಲ್ಲ. ಹಾಗಾಗಿ ಮಾವ ಬರೆದ ಪ್ರತಿ ಪದವನ್ನೂ ವಾಪಸ್ ಇಂಗ್ಲಿಷ್‌ಗೆ ತಿರುಗಿಸಬೇಕಿತ್ತು. ನಾನು ಅದನ್ನು ಸುಲಭ ಎಂದುಕೊಂಡೆ. ಎರಡನೇ ಪದಕ್ಕೇ ನಿಂತೆ.

ಮಾವ 'ರೈಟ್' ಎಂದು ಬರೆದಿದ್ದರು. ಬಲಗಡೆ ಎನ್ನುವ ರೈಟೋ, ಬರೆಯುವ ರೈಟೋ? ಪಟ್ಟಿಯಲ್ಲಿ ಎರಡೂ ಇವೆ. ಐದನೆಯದು 'ಪೀಸ್'. ಶಾಂತಿಯೂ ಪೀಸೇ, ತುಂಡೂ ಪೀಸೇ. ಅವೂ ಎರಡೂ ಪಟ್ಟಿಯಲ್ಲಿವೆ. ಹನ್ನೊಂದನೆಯದು 'ಅಂಕಲ್'. ಅದರಲ್ಲೇನು ಅನುಮಾನ ಅಂತೀರಾ? ಕಾಲಿನ ಗೆಣ್ಣಿಗೂ ಇಂಗ್ಲಿಷಿನಲ್ಲಿ ಆಂಕಲ್ ಅಂತಾರಲ್ವಾ. ಫೋನಿನಲ್ಲಿ ಕೇಳಿ ಬರೆಯುವವರಿಗೆ ಆ ದೀರ್ಘ ಎಲ್ಲಿ ಗೊತ್ತಾಗಬೇಕು! (ಈ ಪದಗಳನ್ನು ಇಲ್ಲಿ ಹೇಳಲು ಭಯವಿಲ್ಲ. ಆ ವ್ಯಾಲೆಟ್ ಈಗ ಖಾಲಿ. ಹಾಗಿದ್ದರೂ ಉಳಿದವನ್ನು ಹೇಳುವುದಿಲ್ಲ.)

ಈಗ ಲೆಕ್ಕ ನೋಡಿ. ಅನುಮಾನದ ಪದ ಮೂರು, ಒಂದೊಂದಕ್ಕೂ ಎರಡು ಅರ್ಥ. ಅಲ್ಲಿಗೆ ಎಂಟು ಜೋಡಣೆ. ಚೊಗರು ನುಂಗಿದ ಪದ 2048ರಲ್ಲಿ ಯಾವುದಾದರೂ ಆಗಬಹುದು. ಗುಣಿಸಿದರೆ 16,384. ಅದರಲ್ಲೂ ಒಂದು ಅನುಕೂಲ ಇದೆ. ಹನ್ನೆರಡು ಪದ ಸೇರಿ 132 ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು ಆಗಿರುವ 132 ಅಂಕಿ. ಅದರಲ್ಲಿ 128 ಬಿಟ್ ಮಾತ್ರ ನಿಜವಾದ ಗುಟ್ಟು, ಕೊನೆಯ ನಾಲ್ಕು ಬಿಟ್ ಉಳಿದವುಗಳ ತಾಳೆಗಾಗಿ ಇರುವುದು. ಸುಮ್ನೆ ಜೋಡಿಸಿದ ಪದಗಳು ಹದಿನಾರರಲ್ಲಿ ಒಂದು ಸಲ ಮಾತ್ರ ಆ ತಾಳೆಯಲ್ಲಿ ಪಾಸಾಗುತ್ತವೆ. ಅಲ್ಲಿಗೆ ಸುಮಾರು ಸಾವಿರ ಉಳಿಯಿತು. ಒಂದೊಂದನ್ನೂ ಕೀ ಆಗಿ, ಅಂದರೆ ದುಡ್ಡು ತೆಗೆಯಲು ಬೇಕಾದ ಗುಟ್ಟಿನ ಸಂಖ್ಯೆಯಾಗಿ ಪರಿವರ್ತಿಸಿ, ಅಡ್ರೆಸ್ ತೆಗೆದು, ಮಗ ಕಳಿಸಿದ ಅಡ್ರೆಸ್ ಜೊತೆ ಹೋಲಿಸಬೇಕು. ನನ್ನ ಹಳೇ ಲ್ಯಾಪ್‌ಟಾಪ್‌ಗೆ ಅದು ಒಂದೆರಡು ನಿಮಿಷದ ಕೆಲಸ.

ವೈಫೈ ತೆಗೆದೆ. ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಪದಗಳನ್ನು ಮಾವನ ಎದುರಿಗೇ ಟೈಪ್ ಮಾಡಿದೆ. ಆ ಸ್ಕ್ರಿಪ್ಟ್ ಯಾವ ಅಡ್ರೆಸ್‌ನಲ್ಲಿ ಎಷ್ಟು ದುಡ್ಡಿದೆ ಎಂದು ಎಲ್ಲೂ ಕೇಳುವುದಿಲ್ಲ. ಇದು ಮಾವನ ಅಡ್ರೆಸ್ ಹೌದೋ ಅಲ್ಲವೋ, ಅಷ್ಟನ್ನೇ ನೋಡುತ್ತದೆ. ಅಡ್ರೆಸ್ ಇಲ್ಲದೆ ಕೆಲಸ ಹಿಡಿಯುತ್ತಿರಲಿಲ್ಲ ಎಂದಿದ್ದು ಇದಕ್ಕೇ. ಬ್ಯಾಲೆನ್ಸ್ ನೋಡುತ್ತಾ ಹುಡುಕಲು ಶುರುಮಾಡಿದರೆ ನಾನು ಮಾವನ ದುಡ್ಡನ್ನು ಹುಡುಕುತ್ತಿರುವುದಿಲ್ಲ, ಯಾರದಾದರೂ ಸರಿ ದುಡ್ಡು ಎಂದು ಹುಡುಕುತ್ತಿರುತ್ತೇನೆ.

ಓಡಿಸಿದೆ. ಸಿಗಲಿಲ್ಲ.

ಮಾವನ ಮುಖ ನೋಡಲಾಗಲಿಲ್ಲ. ಕಿವಿಯ ತಪ್ಪು ಇನ್ನೂ ಎಲ್ಲೋ ಇದೆ ಎಂದುಕೊಂಡು ಎರಡು ಸಂಜೆ ಪಟ್ಟಿಯನ್ನು ದೊಡ್ಡದು ಮಾಡುತ್ತಾ ಹೋದೆ. ಸ್ವಲ್ಪ ಹತ್ತಿರ ಕೇಳಿಸುವ ಪದಗಳನ್ನೆಲ್ಲಾ ಸೇರಿಸಿದೆ. ಆಗಲೂ ಇಲ್ಲ. ಮೂರನೇ ದಿನ ಅವರ ಮಗನೇ ಫೋನ್ ಮಾಡಿ, "ಅಣ್ಣ, ಆ ಆ್ಯಪ್‌ನಲ್ಲಿ ಪದಗಳು ಆರಾರರಂತೆ ಎರಡು ಸಾಲಾಗಿ ಕೆಳಗಿಳಿದಿದ್ದವು. ನಾನು ಅಡ್ಡಡ್ಡ ಓದಿ ಹೇಳಿದ್ದೆ ಅನ್ಸುತ್ತೆ" ಎಂದ. ಅಂದರೆ ಮಾವನ ಎರಡನೇ ಪದ ನಿಜವಾಗಿ ಏಳನೆಯದು! ಕ್ರಮ ಬದಲಿಸಿ ಮತ್ತೆ ಓಡಿಸಿದೆ. ಚಹಾ ಲೋಟ ಇನ್ನೂ ಬಿಸಿ ಇತ್ತು, ಸ್ಕ್ರೀನ್‌ನಲ್ಲಿ ಒಂದು ಸಾಲು ಬಂತು. ಕಾಣೆಯಾಗಿದ್ದ ಪದ 'ಮ್ಯಾಂಗೋ'.

"ಹೌದಲ್ಲಾ!" ಎಂದರು ಮಾವ. "ಮಾವಿನಹಣ್ಣು ಅಂತ ಅವತ್ತು ನಾನು ನಕ್ಕಿದ್ದೆ." ಇಷ್ಟು ವರ್ಷದ ಮೇಲೆ ಆ ನಗು ನೆನಪಿಗೆ ಬಂದಿತ್ತು. ಹಾಳೆಯ ಕಲೆಯ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಈ ಸುದ್ದಿ ನಮ್ಮ ಕಡೆ ಬೇಗ ಹರಡಿತು. 'ಅವನು ಕೀ ಊಹಿಸ್ತಾನಂತೆ' ಎಂದು. ಅದು ತಪ್ಪು ಮಾತು. ನಾನು ಊಹಿಸಿದ್ದು ಒಂದು ಪದ ಮಾತ್ರ, ಉಳಿದಿದ್ದೆಲ್ಲಾ ಮಾವನ ಹಾಳೆಯಲ್ಲೇ ಇತ್ತು. ಎರಡು ಪದ ಹೋಗಿದ್ದರೂ ಮಾಡಬಹುದಿತ್ತು, ಸುಮಾರು 42 ಲಕ್ಷ ಜೋಡಣೆ ಅಷ್ಟೇ. ಮೂರು ಹೋಗಿದ್ದರೆ 859 ಕೋಟಿ, ಆಗ ಕಷ್ಟ. ನಾಲ್ಕಕ್ಕೆ ಹದಿನೇಳೂವರೆ ಲಕ್ಷ ಕೋಟಿ. ಅಲ್ಲಿಗೆ ನನ್ನಂಥವನ ಕೈ ಬಿಟ್ಟುಹೋಯಿತು.

ಹನ್ನೆರಡೂ ಗೊತ್ತಿಲ್ಲದಿದ್ದರೆ? ಸುದ್ದಿ ಕೇಳಿ ಬಂದ ಒಬ್ಬ ಎಂಜಿನಿಯರಿಂಗ್ ಹುಡುಗನಿಗೆ ನಾನು ಹೀಗೆ ಹೇಳಿದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ನೋಡಿದ್ದೀಯಲ್ಲ. ಮೂರು ಕಾಳಿಗೆ ಹೆಚ್ಚುಕಡಿಮೆ ಒಂದು ಗ್ರಾಂ ಅಂದುಕೋ. ಇಡೀ ಭೂಮಿ ಎಷ್ಟು ತೂಗುತ್ತದೋ ಅಷ್ಟು ತೂಕದ ಮೆಕ್ಕೆಜೋಳ ರಾಶಿ ಹಾಕು. ಅಂಥ ರಾಶಿ 1,900 ಕೋಟಿ ಹಾಕು. ಅಷ್ಟರಲ್ಲಿ ಒಂದೇ ಒಂದು ಕಾಳು ನಿನ್ನದು. ಹನ್ನೆರಡು ಪದದ ಗುಟ್ಟು ಅಂದರೆ ಇದು, ಎರಡರ ಘಾತ 128. ಬಿಟ್‌ಕಾಯಿನ್‌ನ ಪ್ರೈವೇಟ್ ಕೀ 256 ಬಿಟ್‌ನದು. ಅದಕ್ಕೆ ರಾಶಿಯ ಲೆಕ್ಕ ಹೇಳಲು ಹೋದರೆ ಮಾತೇ ಸಾಲುವುದಿಲ್ಲ.

ಇದನ್ನು ನಿಜವಾಗಿ ಪರೀಕ್ಷಿಸಿದವರೂ ಇದ್ದಾರೆ. 2015ರಲ್ಲಿ ಯಾರೋ ಒಬ್ಬರು ಬೇಕೆಂದೇ ಚಿಕ್ಕ ಕೀಗಳಿಂದ ಶುರುಮಾಡಿ, ಒಂದೊಂದು ಬಿಟ್ ಹೆಚ್ಚಿಸುತ್ತಾ ಬಿಟ್‌ಕಾಯಿನ್ ಇಟ್ಟರು. ಬಿಡಿಸಿದವರು ತೆಗೆದುಕೊಳ್ಳಲಿ ಎಂದು. ಜಗತ್ತಿನ ಎಷ್ಟೋ ಜನ ದೊಡ್ಡ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡು ಕೂತರು. 66 ಬಿಟ್‌ನದು ಬಿಡಿಸಲು 2024 ಆಯಿತು. ಒಂದು ಬಿಟ್ ಹೆಚ್ಚಾದರೆ ಕೆಲಸ ದುಪ್ಪಟ್ಟು ಎಂಬುದನ್ನು ನೆನಪಿಡಿ.

ಆ ಹುಡುಗ ನನ್ನ ಮಾತು ಕೇಳಲು ಬಂದವನಲ್ಲ. ಟೆಲಿಗ್ರಾಂನಲ್ಲಿ ಆರೂವರೆ ಸಾವಿರ ಕೊಟ್ಟು 'ಕೀ ಹುಡುಕುವ ಸಾಫ್ಟ್‌ವೇರ್' ತೆಗೆದುಕೊಂಡಿದ್ದ. ಅದರಲ್ಲಿ ಅಂಕಿಗಳು ಸರಸರ ಓಡುತ್ತವೆ. ಒಂದು ಗಂಟೆ ಆದ ಮೇಲೆ 'ಬ್ಯಾಲೆನ್ಸ್ ಸಿಕ್ಕಿದೆ, ತೆಗೆಯಲು ಇನ್ನೂ ಹನ್ನೆರಡು ಸಾವಿರ ಕಟ್ಟಿ' ಎಂದು ಬರುತ್ತದೆ. ಬಳಸದ ಒಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದೆ. ನೆಟ್ ತೆಗೆದರೂ ಬ್ಯಾಲೆನ್ಸ್ ಸಿಕ್ಕಿದೆ ಎಂದೇ ತೋರಿಸಿತು! ಅಷ್ಟೇ ಅಲ್ಲ, ನಾವು ಕಾಪಿ ಮಾಡಿದ ಅಡ್ರೆಸ್ ಪೇಸ್ಟ್ ಮಾಡುವಷ್ಟರಲ್ಲಿ ಬೇರೆಯಾಗುತ್ತಿತ್ತು, ಅಂದರೆ ಕಳಿಸುವ ದುಡ್ಡು ಬೇರೆಯವರಿಗೆ ಹೋಗುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡು ಎಂದೆ. ಅವನು ತಲೆ ತಗ್ಗಿಸಿದ. "ಏನಂತ ಹೇಳ್ಲಿ ಅಣ್ಣ, ಬೇರೆಯವರ ದುಡ್ಡು ತೆಗೆಯೋಕೆ ಕೊಂಡಿದ್ದೆ ಅಂತಾನಾ?" ಈ ಮೋಸ ನಡೆಯುವುದೇ ಆ ನಾಚಿಕೆಯ ಮೇಲೆ. ಮೋಸ ಹೋದವನು ಬಾಯಿ ಬಿಡುವುದಿಲ್ಲ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ ಕೂತು ದೂರು ಬರೆಸಿದೆ.

ಹಾಗಾದರೆ ಕೀ ಊಹಿಸಿ ದುಡ್ಡು ತೆಗೆದವರೇ ಇಲ್ಲವಾ? ಇದ್ದಾರೆ. 2019ರಲ್ಲಿ ಅಮೆರಿಕದ ಇಂಡಿಪೆಂಡೆಂಟ್ ಸೆಕ್ಯುರಿಟಿ ಇವ್ಯಾಲ್ಯುಯೇಟರ್ಸ್ ಎಂಬ ಸಂಸ್ಥೆಯವರು ಬಿಟ್‌ಕಾಯಿನ್‌ನಂಥದ್ದೇ ಆದ ಎಥೀರಿಯಂನಲ್ಲಿ ಹೀಗೆ ಊಹಿಸಬಹುದಾದ 732 ಕೀಗಳನ್ನು ಕಂಡುಹಿಡಿದರು. ಅವರಿಗಿಂತ ಮುಂಚೆಯೇ ಯಾರೋ ಅಲ್ಲಿ ಕಾದು ಕೂತು, ಬಂದ ದುಡ್ಡನ್ನೆಲ್ಲಾ ಗುಡಿಸಿಕೊಳ್ಳುತ್ತಿದ್ದುದೂ ಕಂಡಿತು. 2023ರಲ್ಲಿ ಲಿಬ್‌ಬಿಟ್‌ಕಾಯಿನ್ ಎಂಬ ಸಾಫ್ಟ್‌ವೇರ್‌ನ ದೋಷ ಬಯಲಾಯಿತು. ಅದು ಕೊಡುತ್ತಿದ್ದ ಗುಟ್ಟು 32 ಬಿಟ್‌ನದು ಮಾತ್ರ, ಅಂದರೆ 429 ಕೋಟಿ ಸಾಧ್ಯತೆ. ಒಂದು ಒಳ್ಳೇ ಕಂಪ್ಯೂಟರ್ ಇದ್ದರೆ ಸಾಕು. ಜನ ಕಳೆದುಕೊಂಡರು. ಇಲ್ಲೆಲ್ಲಾ ಕಳ್ಳರು ರಾಶಿಯಲ್ಲಿ ಕಾಳು ಹುಡುಕಲಿಲ್ಲ. ಇನ್ನೊಬ್ಬರ ತಪ್ಪು ಎಲ್ಲಿದೆ ಎಂದು ಹುಡುಕಿದರು.

ನಾನೂ ಒಮ್ಮೆ ಅದರ ಹತ್ತಿರ ಹೋಗಿದ್ದೆ. ಕೆಲವರು ಯಾವುದಾದರೂ ಒಂದು ಪದವನ್ನೋ ವಾಕ್ಯವನ್ನೋ ನೆನಪಿಟ್ಟುಕೊಂಡು ಅದರಿಂದಲೇ ಕೀ ಮಾಡಿಕೊಳ್ಳುತ್ತಿದ್ದರು. ಬ್ರೇನ್ ವ್ಯಾಲೆಟ್ ಅಂತಾರೆ. ಕಲಿಯುವ ಆಸೆಗೆ ಒಂದು ರಾತ್ರಿ ಸಾಮಾನ್ಯ ಪದಗಳ ದೊಡ್ಡ ಪಟ್ಟಿ ಹಾಕಿ ಅಡ್ರೆಸ್ ತೆಗೆದು ನೋಡಿದೆ. ಸುಮಾರು ಅಡ್ರೆಸ್‌ಗಳಿಗೆ ಒಂದು ಕಾಲದಲ್ಲಿ ದುಡ್ಡು ಬಂದಿತ್ತು. ಈಗ ಎಲ್ಲವೂ ಸೊನ್ನೆ. ದುಡ್ಡು ಬಂದ ಹೊತ್ತಿಗೂ ಹೋದ ಹೊತ್ತಿಗೂ ಕೆಲವದರಲ್ಲಿ ನಿಮಿಷದ ಅಂತರವೂ ಇರಲಿಲ್ಲ. ಆ ಸಾಲುಗಳನ್ನು ನೋಡುತ್ತಾ ಕೂತಾಗ, ಇದರಲ್ಲಿ ಒಂದು ಸೊನ್ನೆಯಲ್ಲದ್ದು ಸಿಕ್ಕರೆ ಏನು ಮಾಡುತ್ತೇನೆ ಎಂದು ನನ್ನನ್ನೇ ಕೇಳಿಕೊಂಡೆ. 'ಕಳ್ಳ ಒಯ್ಯುವ ಮುಂಚೆ ನಾನು ತೆಗೆದು ಜೋಪಾನ ಮಾಡುತ್ತೇನೆ' ಎಂದು ಮನಸ್ಸು ಹೇಳಿತು. ಯಾರಿಗೆ ವಾಪಸ್ ಕೊಡಲಿ? ಅಡ್ರೆಸ್‌ನಲ್ಲಿ ಹೆಸರಿಲ್ಲ, ಊರಿಲ್ಲ. ಅಂದರೆ ಅದು ನನ್ನ ಹತ್ತಿರವೇ ಉಳಿಯುತ್ತದೆ. ಆ ಉತ್ತರ ನನಗೆ ಹೆದರಿಕೆ ಹುಟ್ಟಿಸಿತು. ಸ್ಕ್ರಿಪ್ಟ್ ನಿಲ್ಲಿಸಿದೆ, ಮತ್ತೆ ಓಡಿಸಿಲ್ಲ.

ಕಾನೂನಿನಲ್ಲೂ ಇದು ಆಟವಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡ್‌ನಂಥದ್ದನ್ನು ಮೋಸದಿಂದ ಬಳಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆದರೆ ನಾನು ನಿಲ್ಲಿಸಿದ್ದು ಕಾಯ್ದೆ ಓದಿ ಅಲ್ಲ.

ಈಗ ಯಾರಾದರೂ ಬಂದರೆ ಮೊದಲು ಕೇಳುವುದು, ಈ ಪದಗಳನ್ನು ಬರೆದವರು ಯಾರು ಎಂದು. ಬರೆದವರು ಎದುರಿಗಿದ್ದರೆ ಕೆಲಸ ಮಾಡುತ್ತೇನೆ. ಇಲ್ಲದಿದ್ದರೆ ಇಲ್ಲ. ಒಬ್ಬರು ಸೆಕೆಂಡ್ ಹ್ಯಾಂಡ್ ಮೊಬೈಲ್ ಕೊಂಡು, ಅದರ ನೋಟ್ಸ್‌ನಲ್ಲಿ ಹತ್ತು ಪದ ಸಿಕ್ಕಿವೆ ಎಂದು ಓಡೋಡಿ ಬಂದರು. ಸಿಕ್ಕಿದ್ದರಲ್ಲಿ ಅರ್ಧ ನಿನಗೆ ಎಂದರು. ಎರಡು ಪದದ ಕೆಲಸ, ನನ್ನ ಕೈಯಲ್ಲಿ ಆಗುವಂಥದ್ದೇ. ಮೊಬೈಲ್ ಕೊಟ್ಟ ಅಂಗಡಿಯಲ್ಲಿ ಹಳೇ ಮಾಲೀಕರ ನಂಬರ್ ಇರುತ್ತದೆ, ಕೇಳಿ ತಿಳಿಸಿ ಎಂದು ಕಳಿಸಿದೆ. ಅವರು ಮತ್ತೆ ಬರಲಿಲ್ಲ. ಪಾಲಿನ ಲೆಕ್ಕದಲ್ಲಿ ನಾನು ಯಾರ ಹತ್ತಿರವೂ ಕೆಲಸ ಹಿಡಿಯುವುದಿಲ್ಲ, ದಿನದ ಕೂಲಿ ಅಷ್ಟೇ. ಪಾಲು ಎಂದ ಕೂಡಲೇ ಒಳಗೆ ಎಷ್ಟಿದೆ ಎಂಬ ಕಡೆಗೇ ಕಣ್ಣು ಹೋಗುತ್ತದೆ.

ಮಾವನ ಬಿಟ್‌ಕಾಯಿನ್ ಅದೇ ವಾರ ಹೊಸ ವ್ಯಾಲೆಟ್‌ಗೆ ಹೋಯಿತು. ಹಳೇ ಪದಗಳನ್ನು ನಾನು ನೋಡಿಬಿಟ್ಟಿದ್ದೆನಲ್ಲ, ಹಾಗಾಗಿ ಅವು ಇನ್ನು ಗುಟ್ಟಲ್ಲ. ಹೊಸ ಪದಗಳು ಬರುವ ಹೊತ್ತಿಗೆ ನಾನು ಎದ್ದು ಅಂಗಡಿಯ ಹೊರಗೆ ನಿಂತೆ. ಅಪ್ಪ ಮಗ ಇಬ್ಬರೇ ಒಳಗಿದ್ದರು. ಮಗ ಈ ಸಲ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದ, ಮಾವ ಇಂಗ್ಲಿಷ್ ಅಕ್ಷರದಲ್ಲೇ ನಿಧಾನ ಬರೆಯುತ್ತಿದ್ದರು. ಪಕ್ಕದಲ್ಲಿ ಕ್ರಮಸಂಖ್ಯೆ. ಎರಡು ಪ್ರತಿ. ಒಂದು ಮನೆಯ ಟ್ರಂಕಿನಲ್ಲಿ ಇದೆಯಂತೆ. ಇನ್ನೊಂದು ಎಲ್ಲಿದೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.